ಪದ ಪರಿಚಯ: ಸಹವಾಸದೋಷ

2008ರ ಅಕ್ಟೋಬರ್ 4. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಒಂದು ತಿಂಗಳು ಬಾಕಿ. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಕೊಲೊರಾಡೊದಲ್ಲಿ ಮಾತಾಡುತ್ತ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಬರಾಕ್ ಒಬಾಮ ಭಯೋತ್ಪಾದಕರ ಜೊತೆ ಗೆಳೆತನ ಇಟ್ಟುಕೊಂಡವರು ಎಂದರು. ಅವರು ಹೇಳುತ್ತಿದ್ದದ್ದು ಶಿಕಾಗೊದ ಪ್ರಾಧ್ಯಾಪಕ ಬಿಲ್ ಏಯರ್ಸ್ ಬಗ್ಗೆ. ಎರಡು ದಿನ ಕಳೆಯುವಷ್ಟರಲ್ಲಿ ಒಬಾಮ ಕಡೆಯವರು 13 ನಿಮಿಷದ ಒಂದು ವಿಡಿಯೊ ಬಿಡುಗಡೆ ಮಾಡಿದರು. ಅದು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಅವರಿಗೂ, ಜನರ ಉಳಿತಾಯದ ಹಣ ಮುಳುಗಿಸಿ ಜೈಲು ಸೇರಿದ ಚಾರ್ಲ್ಸ್ ಕೀಟಿಂಗ್‌ಗೂ ಇದ್ದ ನಂಟಿನ ಕಥೆ. ಎರಡು ಕಡೆಯವರ ವಾದವೂ ಒಂದೇ: ಇವನ ಜೊತೆಗಾರ ಯಾರು ನೋಡಿ, ಆಮೇಲೆ ಇವನಿಗೆ ಮತ ಹಾಕುತ್ತೀರಾ ಯೋಚಿಸಿ. ಈ ಬಗೆಯ ವಾದಕ್ಕೆ ಅಲ್ಲಿನವರು ಇಟ್ಟ ಹೆಸರು ಗಿಲ್ಟ್ ಬೈ ಅಸೋಸಿಯೇಷನ್. ಕನ್ನಡದಲ್ಲಿ ಸಹವಾಸದೋಷ ಎನ್ನಬಹುದು.

ನಮ್ಮ ಮನೆಮಾತಿನಲ್ಲಿ ಸಹವಾಸದೋಷ ಎಂದರೆ ಕೆಟ್ಟವರ ಜೊತೆ ಸೇರಿ ತಾನೂ ಕೆಡುವುದು. ಮಗ ಬೀಡಿ ಸೇದಲು ಕಲಿತಾಗ ತಾಯಿ ಆಡುವ ಮಾತು ಅದು. ಅಲ್ಲಿ ಚಟ ನಿಜವಾಗಿಯೂ ಅಂಟಿದೆ. ಚುನಾವಣೆಯ ಮಾತಿನಲ್ಲಿ ಬೇರೆ ಅರ್ಥವಿದೆ: ಒಬ್ಬ ಮಾಡಿದ ತಪ್ಪನ್ನು ಅವನ ಪರಿಚಯಸ್ಥನ ತಲೆಗೂ ಕಟ್ಟುವುದು. ತಪ್ಪು ಇವನಿಗೂ ಅಂಟಿದೆಯೇ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂಬ ಗಾದೆ ಹೇಳುವುದು ಇದನ್ನೇ. ಮತದಾರ ಈ ಗಾದೆಯನ್ನು ನೆನಪಿಡಬೇಕು, ನಿಜ. ಆದರೆ ಅದೇ ಮರದ ಕೆಳಗೆ 20 ವರ್ಷ ಕೂತವನನ್ನು, ಏನಪ್ಪಾ ಕುಡಿಯುತ್ತಿದ್ದೆ ಎಂದು ಕೇಳುವ ಹಕ್ಕೂ ಅವನಿಗಿದೆ. ಕೇಳಬೇಕು ಕೂಡ.

ಅಮೆರಿಕದಲ್ಲಿ ಈ ವಾದಕ್ಕೆ ಕೆಟ್ಟ ಹೆಸರು ಅಂಟಿದ್ದು ಶೀತಲ ಸಮರದ ಮೊದಲ ವರ್ಷಗಳಲ್ಲಿ. 1947ರಲ್ಲಿ ಅಧ್ಯಕ್ಷ ಟ್ರೂಮನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ನೌಕರರ ನಿಷ್ಠೆಯನ್ನು ಪರೀಕ್ಷಿಸುವಾಗ ಅವರು ಯಾವ ಸಂಘದ ಸದಸ್ಯರು ಎಂಬುದರ ಜೊತೆಗೆ ಯಾವ ಸಂಘದ ಕಡೆ ಒಲವಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬಹುದು ಎಂದಿತು ಅದು. 1950ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಸರ್ಕಾರದೊಳಗಿರುವ ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲೇ ಇದೆ ಎಂದು ಸಾರಿದ ಮೇಲೆ ಇದು ಬೇಟೆಯಾಯಿತು. 1954ರ ಜೂನ್ 9ರಂದು, ಮೆಕಾರ್ಥಿಗೂ ಸೈನ್ಯಕ್ಕೂ ನಡುವಿನ ಜಗಳದ ಬಗ್ಗೆ ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದ್ದ ವಿಚಾರಣೆಯಲ್ಲಿ, ಸೈನ್ಯದ ಪರ ವಕೀಲ ಜೋಸೆಫ್ ವೆಲ್ಚ್ ಅವರ ಕಚೇರಿಯ ಒಬ್ಬ ಕಿರಿಯ ವಕೀಲನ ಹೆಸರನ್ನು ಮೆಕಾರ್ಥಿ ಎಳೆದು ತಂದರು. ಆತ ಹಿಂದೆ ಎಡಪಂಥೀಯ ವಕೀಲರ ಸಂಘವೊಂದರಲ್ಲಿ ಇದ್ದನಂತೆ, ಅಷ್ಟೇ. ನಿಮಗೆ ಕೊನೆಗೂ ಸಭ್ಯತೆ ಎಂಬುದೇ ಉಳಿದಿಲ್ಲವೇ ಎಂದು ವೆಲ್ಚ್ ಕೇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆನೆಟ್ 67–22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು.

ಆ ಕಾಲದ ಒಂದು ತೀರ್ಪು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಓಕ್ಲಹೋಮಾ ರಾಜ್ಯ ತನ್ನ ಕಾಲೇಜು ಅಧ್ಯಾಪಕರಿಂದ, ಸರ್ಕಾರ ಅನುಮಾನಿಸುವ ಸಂಘಗಳಿಗೆ ಸೇರಿಲ್ಲ ಎಂಬ ನಿಷ್ಠೆಯ ಪ್ರಮಾಣ ಕೇಳುತ್ತಿತ್ತು. 1952ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಂಘದ ಉದ್ದೇಶ ತಿಳಿದೇ ಸೇರಿದವನನ್ನೂ ತಿಳಿಯದೆ ಸೇರಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ತಿಳಿದಿತ್ತೇ? ಸಹವಾಸದ ಆರೋಪ ಬಂದಾಗಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇದರ ಬೆನ್ನಿಗೆ ಇನ್ನಷ್ಟು ಪ್ರಶ್ನೆಗಳಿವೆ. ಅವು ಅರ್ಥವಾಗಬೇಕಾದರೆ 2008ರ ಹೆಸರುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.

ಬಿಲ್ ಏಯರ್ಸ್ 1969ರಲ್ಲಿ ಹುಟ್ಟಿದ ವೆದರ್ ಅಂಡರ್‌ಗ್ರೌಂಡ್ ಎಂಬ ಗುಂಪಿನ ಸ್ಥಾಪಕರಲ್ಲೊಬ್ಬ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಈ ಗುಂಪು 1971ರಲ್ಲಿ ಸಂಸತ್ ಭವನದಲ್ಲಿ, 1972ರಲ್ಲಿ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಬಾಂಬ್ ಇಟ್ಟಿತು. ಇದು ಸಣ್ಣ ಅಪರಾಧವಲ್ಲ, ಯುದ್ಧದ ಮೇಲಿನ ಸಿಟ್ಟು ಅದನ್ನು ಸಮರ್ಥಿಸುವುದೂ ಇಲ್ಲ. ಆದರೆ ಆ ಗುಂಪು ಶುರುವಾದಾಗ ಒಬಾಮಗೆ ಇನ್ನೂ 8 ವರ್ಷ ತುಂಬಿರಲಿಲ್ಲ. ಇಬ್ಬರೂ ಪರಿಚಯವಾದದ್ದು 1990ರ ದಶಕದ ಶಿಕಾಗೊದಲ್ಲಿ. ಅಷ್ಟು ಹೊತ್ತಿಗೆ ಏಯರ್ಸ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರ ಕಲಿಸುತ್ತಿದ್ದರು. ಶಾಲಾ ಸುಧಾರಣೆಯ ಯೋಜನೆಯೊಂದರಲ್ಲಿ ಇಬ್ಬರೂ ಇದ್ದರು, ಒಂದು ದತ್ತಿ ಸಂಸ್ಥೆಯ ಮಂಡಳಿಯಲ್ಲಿ ಜೊತೆಗೆ ಕೂತಿದ್ದರು. ಒಬಾಮ ರಾಜ್ಯ ಸೆನೆಟ್‌ಗೆ ನಿಲ್ಲುವ ಮೊದಲು, 1995ರಲ್ಲಿ, ಏಯರ್ಸ್ ಮನೆಯಲ್ಲಿ ಒಂದು ಪರಿಚಯ ಕೂಟವೂ ನಡೆದಿತ್ತು. ಈ ನಂಟಿನಿಂದ ಒಬಾಮರ ಯಾವ ಮಾತು, ಯಾವ ಮತ, ಯಾವ ಯೋಜನೆ ಬದಲಾಯಿತು? ಆರೋಪ ಮಾಡಿದವರು ಒಂದನ್ನೂ ತೋರಿಸಲಿಲ್ಲ. ಈ ಸಹವಾಸವನ್ನು ನಾನು ಹಗುರವೆಂದೇ ಎಣಿಸುತ್ತೇನೆ.

ಪಾದ್ರಿ ಜೆರೆಮಯಾ ರೈಟ್ ಅವರ ವಿಷಯ ಹಾಗಲ್ಲ. ಇದು ಯಾವುದೋ ಮಂಡಳಿಯಲ್ಲಿ ಆದ ಪರಿಚಯವಲ್ಲ, ಒಬಾಮ ತಾವೇ ಆರಿಸಿಕೊಂಡ ಗುರು. ಸುಮಾರು 20 ವರ್ಷ ಅವರ ಚರ್ಚಿಗೆ ಹೋಗಿದ್ದರು. ಒಬಾಮ ದಂಪತಿಯ ಮದುವೆ ಮಾಡಿಸಿದವರು, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು ಅವರೇ. 2008ರ ಮಾರ್ಚ್‌ನಲ್ಲಿ ರೈಟ್ ಅವರ ಹಳೆಯ ಉಪದೇಶಗಳ ತುಣುಕುಗಳು ಟಿವಿಗೆ ಬಂದವು. ದೇವರು ಅಮೆರಿಕವನ್ನು ಶಪಿಸಲಿ ಎಂಬ ಮಾತು ಒಂದರಲ್ಲಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಅಮೆರಿಕ ತಾನೇ ಬಿತ್ತಿದ್ದರ ಫಲವೆಂದು ಇನ್ನೊಂದು ಹೇಳುತ್ತಿತ್ತು. ಇಂಥವರ ಎದುರು 20 ವರ್ಷ ಕೂತ ನಿಮಗೆ ಈ ಮಾತು ಹೇಗೆ ಕೇಳಿಸಿತು ಎಂದು ಅಧ್ಯಕ್ಷ ಪದವಿ ಬಯಸುವವನನ್ನು ಕೇಳುವುದು ದ್ವೇಷವಲ್ಲ, ನ್ಯಾಯವಾದ ಪ್ರಶ್ನೆ.

ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮ ಕೊಟ್ಟ ಉತ್ತರದಿಂದ ಅವರ ಸ್ವಭಾವ ಬೇರೆ ಯಾವ ಪ್ರಚಾರ ಸಭೆಗಿಂತಲೂ ಹೆಚ್ಚು ತಿಳಿಯಿತು. ಮಾತನ್ನು ಖಂಡಿಸಿದರು, ಮನುಷ್ಯನನ್ನು ಬಿಡಲಿಲ್ಲ. ಕಪ್ಪು ಜನರ ಸಿಟ್ಟಿಗೂ ಬಿಳಿಯ ದುಡಿಯುವ ವರ್ಗದ ಅಸಮಾಧಾನಕ್ಕೂ ಬೇರು ಎಲ್ಲಿದೆ ಎಂದು ಬಿಡಿಸಿ ಹೇಳಿದರು. ಏಪ್ರಿಲ್ ಕೊನೆಗೆ ರೈಟ್ ವಾಷಿಂಗ್ಟನ್‌ನ ಪತ್ರಕರ್ತರ ಮುಂದೆ ಅದೇ ಧಾಟಿಯಲ್ಲಿ ಮಾತಾಡಿದಾಗ ಮರುದಿನವೇ ಸಂಬಂಧ ಕಡಿದುಕೊಂಡರು. ಮೇ 31ಕ್ಕೆ ಆ ಚರ್ಚಿನ ಸದಸ್ಯತ್ವ ಬಿಟ್ಟರು. ಇಷ್ಟು ತಡವಾಗಿ ಏಕೆ ಎಂದು ಕೇಳಿದವರ ಮಾತಿನಲ್ಲೂ ಹುರುಳಿತ್ತು. ಆ ಉತ್ತರ ಸಾಲದು ಎಂದವರನ್ನೂ, ಅದನ್ನು ಮೆಚ್ಚಿದವರನ್ನೂ ನಾನು ಸಮನಾಗಿ ಗೌರವಿಸುತ್ತೇನೆ, ಇಬ್ಬರೂ ಪೂರ್ತಿ ಭಾಷಣ ಕೇಳಿ ಹಾಗೆ ಹೇಳಿದ್ದರೆ.

ರೆಜ್ಕೊ ಪ್ರಕರಣ ಟಿವಿಯಲ್ಲಿ ಇಷ್ಟು ಸದ್ದು ಮಾಡಲಿಲ್ಲ. ಒಬಾಮರ ಸಹವಾಸಗಳಲ್ಲಿ ಹೆಚ್ಚು ತೂಕದ್ದು ಇದೇ ಎಂದು ನನಗನ್ನಿಸುತ್ತದೆ, ಏಕೆಂದರೆ ಇಲ್ಲಿ ಆಸ್ತಿ ಇದೆ. ಟೋನಿ ರೆಜ್ಕೊ ಶಿಕಾಗೊದ ಬಿಲ್ಡರ್, ಒಬಾಮ ಚುನಾವಣೆಗಳಿಗೆ ಹಣ ಕೂಡಿಸಿಕೊಟ್ಟವ. 2005ರಲ್ಲಿ ಒಬಾಮ ಮನೆ ಕೊಂಡಾಗ ಪಕ್ಕದ ಸೈಟನ್ನು ರೆಜ್ಕೊ ಹೆಂಡತಿ ಕೊಂಡರು. ಆಮೇಲೆ ಅದರಲ್ಲಿ ಒಂದು ಪಟ್ಟಿ ಜಾಗ ಒಬಾಮಗೆ ಮಾರಾಟವಾಯಿತು. ಆ ಹೊತ್ತಿಗಾಗಲೇ ರೆಜ್ಕೊ ಮೇಲೆ ಅನುಮಾನದ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತಿದ್ದವು. 2008ರ ಜೂನ್‌ನಲ್ಲಿ ಅವನ ಮೇಲಿನ 24 ಆರೋಪಗಳಲ್ಲಿ 16 ಸಾಬೀತಾದವು. ಒಬಾಮ ಮೇಲೆ ಯಾವ ಆರೋಪವೂ ಇರಲಿಲ್ಲ. ತಾವು ಮಾಡಿದ್ದು ಬುದ್ಧಿಗೇಡಿ ಕೆಲಸ ಎಂದು ಅವರೇ ಒಪ್ಪಿಕೊಂಡರು. ಸಹವಾಸದಿಂದ ಯಾರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ಇಂಥ ಕಡೆ ಬಿಡಲೇಬಾರದು.

ಅದೇ ಪ್ರಶ್ನೆಯನ್ನು ಮೆಕೇನ್ ಅವರಿಗೂ ಕೇಳಿದರೆ ಉತ್ತರ ಇನ್ನೂ ಭಾರವಾಗಿದೆ. ಕೀಟಿಂಗ್ ಕೈಯಲ್ಲಿದ್ದದ್ದು ಲಿಂಕನ್ ಸೇವಿಂಗ್ಸ್ ಎಂಬ ಉಳಿತಾಯ ಸಂಸ್ಥೆ. ಅವನಿಂದ, ಅವನ ಕಡೆಯವರಿಂದ ಮೆಕೇನ್ ಚುನಾವಣೆಗಳಿಗೆ ಸುಮಾರು 1,12,000 ಡಾಲರ್ ಬಂದಿತ್ತು. ಅವನ ವಿಮಾನದಲ್ಲಿ ಕುಟುಂಬ ಸಮೇತ ಬಹಾಮಾಸ್‌ಗೆ ಹೋಗಿಬಂದದ್ದೂ ಇತ್ತು. 1987ರ ಏಪ್ರಿಲ್‌ನಲ್ಲಿ ಐವರು ಸೆನೆಟರ್‌ಗಳು, ಮೆಕೇನ್ ಅವರಲ್ಲೊಬ್ಬರು, ಲಿಂಕನ್ ಲೆಕ್ಕ ತಪಾಸಣೆ ಮಾಡುತ್ತಿದ್ದ ಸರ್ಕಾರಿ ಅಧಿಕಾರಿಗಳನ್ನು ಕರೆಸಿ ಮಾತಾಡಿದರು. ಎರಡು ವರ್ಷದಲ್ಲಿ ಲಿಂಕನ್ ಮುಳುಗಿತು. ಸರ್ಕಾರದ ಬೊಕ್ಕಸಕ್ಕೆ 300 ಕೋಟಿ ಡಾಲರ್‌ಗೂ ಹೆಚ್ಚು ಹೊರೆ ಬಿತ್ತು. ಲಿಂಕನ್ ಮಾತೃಸಂಸ್ಥೆಯ ಬಾಂಡ್ ಕೊಂಡಿದ್ದ ಸಾವಿರಾರು ಜನ, ಅವರಲ್ಲಿ ಬಹಳಷ್ಟು ವಯಸ್ಸಾದವರು, ಕೂಡಿಟ್ಟದ್ದನ್ನು ಕಳೆದುಕೊಂಡರು. 1991ರಲ್ಲಿ ಸೆನೆಟ್‌ನ ನೀತಿ ಸಮಿತಿ ಮೆಕೇನ್ ನಿಯಮ ಮುರಿದಿಲ್ಲ ಎಂದಿತು, ಆದರೆ ಅವರ ವಿವೇಚನೆ ಕಳಪೆಯಾಗಿತ್ತು ಎಂದೂ ದಾಖಲಿಸಿತು. ಏಯರ್ಸ್ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ನೋಡಿ: ಇಲ್ಲಿ ಜನ ಕೊಟ್ಟ ಅಧಿಕಾರವೇ ಗೆಳೆಯನ ಸಹಾಯಕ್ಕೆ ನಿಂತಿತ್ತು.

ಇಷ್ಟಾದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಆ ಅವಮಾನವನ್ನು ಮೆಕೇನ್ ಮರೆಯಲಿಲ್ಲ. ಚುನಾವಣೆಯಲ್ಲಿ ಹಣದ ಪ್ರಭಾವ ತಗ್ಗಿಸುವ ಕಾನೂನಿಗಾಗಿ ತಮ್ಮದೇ ಪಕ್ಷದ ವಿರೋಧ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. ಡೆಮಾಕ್ರಟ್ ಸೆನೆಟರ್ ರಸ್ ಫೈನ್‌ಗೋಲ್ಡ್ ಜೊತೆಗೂಡಿ 2002ರಲ್ಲಿ ಅದನ್ನು ಸಾಧಿಸಿದರು. ತಪ್ಪು ಬಯಲಾದ ಮೇಲೆ ಆ ವ್ಯಕ್ತಿ ಏನು ಮಾಡಿದ ಎಂಬುದಕ್ಕೆ, ತಪ್ಪಿಗೆ ಕೊಟ್ಟಷ್ಟೇ ತೂಕ ಕೊಡಬೇಕು. ರೈಟ್ ವಿಷಯದಲ್ಲಿ ಒಬಾಮಗೂ ಇದೇ ಮಾತು ಸಲ್ಲುತ್ತದೆ. ಮೆಕೇನ್ ತಾವೇ ಬಯಸಿ ಪಡೆದ ಪಾದ್ರಿ ಜಾನ್ ಹೇಗಿ ಅವರ ಬೆಂಬಲವನ್ನು, ಹಿಟ್ಲರ್ ಬಗೆಗಿನ ಹೇಗಿ ಉಪದೇಶ ಹೊರಬಿದ್ದಾಗ, 2008ರ ಮೇನಲ್ಲಿ ತಿರಸ್ಕರಿಸಿದ್ದನ್ನೂ ಇಲ್ಲೇ ಸೇರಿಸಬಹುದು.

ಸ್ವಭಾವ ಎಂಬುದು ಸಹವಾಸದಿಂದ ಸ್ವಲ್ಪ ತಿಳಿಯುತ್ತದೆ. ಬೆಲೆ ತೆರಬೇಕಾದ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ತಿಳಿಯುತ್ತದೆ. 1967ರಲ್ಲಿ ಹನೋಯಿ ಮೇಲೆ ವಿಮಾನ ಉರುಳಿ ಸೆರೆ ಸಿಕ್ಕ ಮೆಕೇನ್‌ಗೆ ಮರುವರ್ಷವೇ ಬಿಡುಗಡೆಯ ಆಮಿಷ ಬಂತು, ಅಪ್ಪ ನೌಕಾಪಡೆಯ ಅಡ್ಮಿರಲ್ ಎಂಬ ಕಾರಣಕ್ಕೆ. ನನಗಿಂತ ಮೊದಲು ಸೆರೆಯಾದವರು ಮೊದಲು ಹೋಗಲಿ ಎಂದು ನಿರಾಕರಿಸಿ, ಚಿತ್ರಹಿಂಸೆ ಸಹಿಸಿ, 1973ರ ಮಾರ್ಚ್‌ವರೆಗೆ ಅಲ್ಲೇ ಉಳಿದರು. 2008ರ ಅಕ್ಟೋಬರ್ 10ರಂದು ಮಿನ್ನೆಸೋಟದ ಲೇಕ್‌ವಿಲ್ ಸಭೆಯಲ್ಲಿ ಒಬ್ಬ ಮಹಿಳೆ, ಒಬಾಮ ಅರಬ್ ಎಂದಾಗ ಮೆಕೇನ್ ಮೈಕ್ ಹಿಂದಕ್ಕೆ ತೆಗೆದುಕೊಂಡು, ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥ, ನನಗೆ ಅವರ ಜೊತೆ ಮೂಲಭೂತ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದೆ ಅಷ್ಟೇ ಎಂದರು. ಸೇರಿದ್ದ ತಮ್ಮವರಿಗೇ ಅದು ಹಿಡಿಸಲಿಲ್ಲ. ಅರಬ್ ಆಗಿದ್ದರೆ ತಪ್ಪೇನು ಎಂಬ ಮಾತು ಮಾತ್ರ ಅಲ್ಲಿ ಬಾಕಿ ಉಳಿಯಿತು. ಒಂಬತ್ತು ದಿನದ ನಂತರ ರಿಪಬ್ಲಿಕನ್ ಪಕ್ಷದವರೇ ಆದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಒಬಾಮಗೆ ಬೆಂಬಲ ಸೂಚಿಸುತ್ತ, ಈ ದೇಶದಲ್ಲಿ ಮುಸ್ಲಿಮನಾಗಿದ್ದರೆ ತಪ್ಪೇನು ಎಂದು ಕೇಳಿದರು. ಧರ್ಮವನ್ನೂ ಜನಾಂಗವನ್ನೂ ಸಹವಾಸದ ಪಟ್ಟಿಗೆ ಸೇರಿಸಿದರೆ ಅದು ಪರಿಶೀಲನೆಯಾಗಿ ಉಳಿಯುವುದಿಲ್ಲ.

ಇನ್ನು ನೀತಿ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕ್ ಕುಸಿಯಿತು. ಕೋಟ್ಯಂತರ ಜನರ ಮನೆ, ಕೆಲಸ, ನಿವೃತ್ತಿಯ ಹಣ ಅಪಾಯದಲ್ಲಿದ್ದ ಆ ವಾರಗಳಲ್ಲೂ ಏಯರ್ಸ್ ಹೆಸರು ಓಡುತ್ತಲೇ ಇತ್ತು. ಇಬ್ಬರ ನಡುವೆ ನಿಜವಾದ ವ್ಯತ್ಯಾಸಗಳು ಬೇರೆ ಕಡೆ ಇದ್ದವು. ಒಬಾಮ 16 ತಿಂಗಳಲ್ಲಿ ಇರಾಕ್‌ನಿಂದ ಯುದ್ಧ ಪಡೆಗಳನ್ನು ಕರೆಸುತ್ತೇನೆ ಎಂದಿದ್ದರು. ಮೆಕೇನ್ ಗಡುವು ಹಾಕುವುದನ್ನೇ ವಿರೋಧಿಸಿದ್ದರು. ವರ್ಷಕ್ಕೆ 2,50,000 ಡಾಲರ್‌ಗಿಂತ ಹೆಚ್ಚು ಆದಾಯವಿರುವ ಕುಟುಂಬಗಳಿಗೆ ತೆರಿಗೆ ಏರಿಸುವುದು ಒಬಾಮ ಯೋಜನೆ, ಬುಷ್ ಕಾಲದ ಕಡಿತವನ್ನು ಎಲ್ಲರಿಗೂ ಉಳಿಸುವುದು ಮೆಕೇನ್ ಯೋಜನೆ. ಆರೋಗ್ಯ ವಿಮೆಗೆ ಮೆಕೇನ್ ಕುಟುಂಬಕ್ಕೆ 5,000 ಡಾಲರ್ ತೆರಿಗೆ ರಿಯಾಯಿತಿ ಕೊಡುತ್ತೇನೆ ಎಂದರು, ಅದರ ಬದಲಿಗೆ ಕಂಪನಿ ಕೊಡುವ ವಿಮೆಯನ್ನು ಆದಾಯವೆಂದು ಎಣಿಸುವ ಷರತ್ತಿನೊಂದಿಗೆ. ಈ ಸಾಲುಗಳನ್ನು ಓದಲು ಭಾಷಣ ಕೇಳುವುದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಮನೆಯ ಬಜೆಟ್ ಬದಲಾಗುವುದು ಮಾತ್ರ ಇವುಗಳಿಂದಲೇ.

ನೀತಿಯೊಂದನ್ನೇ ನೋಡಿದರೂ ಸಾಲದು, ಏಕೆಂದರೆ ಕೊಟ್ಟ ಮಾತು ಹಾಗೇ ನಿಲ್ಲುವುದಿಲ್ಲ. ವಯಸ್ಕರಿಗೆ ವಿಮೆ ಕಡ್ಡಾಯ ಮಾಡಬಾರದು ಎಂದು ಪಕ್ಷದೊಳಗಿನ ಎದುರಾಳಿ ಹಿಲರಿ ಕ್ಲಿಂಟನ್ ಜೊತೆ ವಾದಿಸಿದ್ದ ಒಬಾಮ, 2010ರಲ್ಲಿ ಸಹಿ ಹಾಕಿದ ಕಾನೂನಿನಲ್ಲಿ ಅದೇ ಕಡ್ಡಾಯ ಇತ್ತು. ಭಯೋತ್ಪಾದನೆಯ ಶಂಕಿತರನ್ನು ಇಟ್ಟಿದ್ದ ಗ್ವಾಂಟನಮೊ ಸೆರೆಮನೆ ಮುಚ್ಚಬೇಕು ಎಂದು ಇಬ್ಬರೂ ಹೇಳಿದ್ದರು, ಅದು ಮುಚ್ಚಲಿಲ್ಲ. ಯೋಜನೆಯಲ್ಲಿ ಬರೆಯದ ಗಳಿಗೆ ಬಂದಾಗ ಈತ ಹೇಗೆ ನಡೆದುಕೊಳ್ಳುತ್ತಾನೆ ಎಂದು ತಿಳಿಯಲು ಸ್ವಭಾವವನ್ನೇ ನೋಡಬೇಕು. 2008ರ ಸೆಪ್ಟೆಂಬರ್ 24ರಂದು, ಆರ್ಥಿಕ ಬಿಕ್ಕಟ್ಟಿನ ಕಾರಣ ಕೊಟ್ಟು, ಮೆಕೇನ್ ಪ್ರಚಾರ ನಿಲ್ಲಿಸಿ, ಒಬಾಮ ಜೊತೆ ನಡೆಯಬೇಕಿದ್ದ ಚುನಾವಣಾ ಚರ್ಚೆಯನ್ನೂ ಮುಂದೂಡಿ ಎಂದರು. ಅಧ್ಯಕ್ಷನಾದವನು ಒಂದಕ್ಕಿಂತ ಹೆಚ್ಚು ಕೆಲಸ ಒಟ್ಟಿಗೆ ನಿಭಾಯಿಸಬೇಕು ಎಂದರು ಒಬಾಮ. ಎರಡು ದಿನ ಬಿಟ್ಟು ಚರ್ಚೆ ನಡೆದೇ ನಡೆಯಿತು. ಪೊವೆಲ್ ಮನಸ್ಸು ತಿರುಗಿಸಿದ ಕಾರಣಗಳಲ್ಲಿ ಆರ್ಥಿಕ ಬಿಕ್ಕಟ್ಟಿನ ಎದುರು ಮೆಕೇನ್ ತೋರಿದ ಅನಿಶ್ಚಿತತೆಯೂ ಒಂದು.

ನಮ್ಮೂರಿಗೂ ಇದರ ಬಿಸಿ ತಟ್ಟಿತ್ತು. 2009ರ ಮೇ 4ರಂದು ಅಧ್ಯಕ್ಷ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಉದ್ಯೋಗ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಎನ್ನುವ ವ್ಯವಸ್ಥೆ ಸರಿಯಲ್ಲ ಎಂದಾಗ ಇಲ್ಲಿನ ಐಟಿ ವಲಯ ಬೆಚ್ಚಿತು. ಆದರೆ ಹೊರದೇಶಕ್ಕೆ ಕೆಲಸ ಕಳಿಸುವ ಕಂಪನಿಗಳ ತೆರಿಗೆ ರಿಯಾಯಿತಿ ನಿಲ್ಲಿಸುತ್ತೇನೆ ಎಂದು ಅವರು ಹಿಂದಿನ ವರ್ಷದ ಆಗಸ್ಟ್ 28ರಂದೇ ಡೆನ್ವರ್‌ನಲ್ಲಿ, ಉಮೇದುವಾರಿಕೆ ಒಪ್ಪಿಕೊಂಡ ಭಾಷಣದಲ್ಲಿ ಹೇಳಿದ್ದರು. ಮಾತು ಮುಚ್ಚಿಟ್ಟದ್ದೇನೂ ಆಗಿರಲಿಲ್ಲ. ಅಮೆರಿಕದ ಪೌರತ್ವ ಪಡೆದು ಮತಹಕ್ಕು ಗಳಿಸಿದ ಕನ್ನಡಿಗನಿಗೆ ಈ ಒಂದು ಸಾಲು ಅಲ್ಲಿನ ನೌಕರಿಗೂ ಇಲ್ಲಿನ ಅಣ್ಣತಮ್ಮಂದಿರ ನೌಕರಿಗೂ ಸೇರಿದ ವಿಷಯ. ಆ ತೆರಿಗೆ ಪ್ರಸ್ತಾಪದ ಮುಖ್ಯ ಭಾಗ ಕೊನೆಗೆ ಕಾನೂನಾಗಲಿಲ್ಲ. ತೆರಿಗೆಯ ಕಾನೂನು ಮಾಡುವುದು ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು. ಅಧ್ಯಕ್ಷನ ಹೆಸರಿನ ಕೆಳಗೆ ಅದೇ ಮತಪತ್ರದಲ್ಲಿ ಪ್ರತಿನಿಧಿ ಸಭೆಗೆ, ಹಲವು ರಾಜ್ಯಗಳಲ್ಲಿ ಸೆನೆಟ್‌ಗೆ ನಿಂತವರ ಹೆಸರುಗಳೂ ಇರುತ್ತವೆ, ಅವರ ಸಹವಾಸವನ್ನೂ ಸ್ವಭಾವವನ್ನೂ ನೀತಿಯನ್ನೂ ಕೇಳುವವರು ತೀರ ಕಡಿಮೆ.