ಹನ್ನೆರಡು ಮೀಟರಿನ ಕಂಬಿ

ಬಳ್ಳಾರಿಯ ಕೌಲ್ ಬಜಾರಿನ ಕಡೆ ಕಟ್ಟುತ್ತಿದ್ದ ಮನೆಯೊಂದರಲ್ಲಿ ಗೋಡೆಗೆ ಒರಗಿಸಿದ್ದ ತುಂಡು ಕಂಬಿಗಳನ್ನು ಅಳೆದು ನೋಡಿದೆ. ಕೆಲವು ಒಂದೂವರೆ ಮೀಟರ್, ಕೆಲವು ಎರಡು. "ಅವು ಗುಜರಿಗೆ ಸರ್" ಎಂದರು ಮೇಸ್ತ್ರಿ.

ಆ ತುಂಡುಗಳು ಹುಟ್ಟಿದ್ದು ಕತ್ತರಿಸಿದವನ ಕೈಯಲ್ಲಲ್ಲ, ಅದಕ್ಕೂ ಮುಂಚಿನ ಲೆಕ್ಕದಲ್ಲಿ. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದವಿರುತ್ತದೆ. ಒಂದೇ ದಪ್ಪದ ಕಂಬಿಯಲ್ಲಿ ಮೂರೂವರೆ ಮೀಟರಿನ 20, ಐದು ಮೀಟರಿನ 10 ತುಂಡು ಬೇಕೆನ್ನಿ. ಈ ವಾರ ಕಂಬಗಳಿಗೆಂದು ಮೂರೂವರೆಯವನ್ನು ಮಾತ್ರ ಕತ್ತರಿಸಿದರೆ 7 ಕಂಬಿ ಬೇಕು. ಮುಂದಿನ ವಾರ ತೊಲೆಗಳಿಗೆಂದು ಐದರವನ್ನು ಕತ್ತರಿಸಿದರೆ ಇನ್ನೂ 5. ಎರಡೂ ಪಟ್ಟಿಗಳನ್ನು ಒಟ್ಟಿಗೆ ಹರವಿಕೊಂಡು ಕೂತರೆ? ಐದು, ಮೂರೂವರೆ, ಮತ್ತೊಂದು ಮೂರೂವರೆ ಸೇರಿ ಸರಿಯಾಗಿ ಹನ್ನೆರಡು. ಹತ್ತೇ ಕಂಬಿಯಲ್ಲಿ ಕೆಲಸ ಮುಗಿಯುತ್ತದೆ, ಬೆರಳುದ್ದದ ತುಂಡೂ ಮಿಗುವುದಿಲ್ಲ. 16 ಮಿಲಿಮೀಟರ್ ಕಂಬಿಯಾದರೆ ಉಳಿತಾಯ ಸುಮಾರು 38 ಕಿಲೊ. ಸಂಡೂರಿನ ಗುಡ್ಡ ಅಗೆದು, ತೋರಣಗಲ್ಲಿನಲ್ಲಿ ಊದುಕುಲುಮೆ ಉರಿಸಿ ಉಕ್ಕು ಮಾಡುವ ಸೀಮೆ ನಮ್ಮದು. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಲ್ಲಿಯವರಾದ ನಮಗೆ ಆ ತುಂಡುಗಳು ಹೆಚ್ಚು ನೋಯಿಸಬೇಕು.

ಪೋಲನ್ನು ಮೊದಲೇ ತಪ್ಪಿಸುವ ಈ ಬಗೆಯ ಯೋಚನೆಗೆ 'ಲೀನ್' ಎಂಬ ಹೆಸರಿದೆ. ಯುದ್ಧಾನಂತರದ ಜಪಾನಿನಲ್ಲಿ ಹಣಕ್ಕೂ ಸಾಮಗ್ರಿಗೂ ಬರವಿದ್ದಾಗ ಟೊಯೊಟಾದ ತೈಚಿ ಓನೊ ಇದನ್ನು ರೂಪಿಸಿದರು. ಅವರು ಗುರುತಿಸಿದ ಏಳು ಬಗೆಯ ಪೋಲುಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ತಯಾರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು. 1992ರಲ್ಲಿ ಫಿನ್ಲೆಂಡಿನ ಸಂಶೋಧಕ ಲೌರಿ ಕೊಸ್ಕೆಲಾ ಇದೇ ವಿಚಾರವನ್ನು ಕಟ್ಟಡ ಕೆಲಸಕ್ಕೆ ಅನ್ವಯಿಸಿ ಬರೆದರು.

ಓನೊ ಹೇಳಿದ್ದು ಗಾರೆಯ ಬಾಣಲೆಯಲ್ಲೇ ಕಾಣುತ್ತದೆ. ಸಿಮೆಂಟಿಗೆ ನೀರು ಬಿದ್ದ ಕ್ಷಣದಿಂದ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಕಲಸಿದ ಗಾರೆಯನ್ನು ಎರಡು ಗಂಟೆಯೊಳಗೆ ಬಳಸಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಅಷ್ಟು ಹೊತ್ತೂ ತಡೆಯುವುದಿಲ್ಲ. ಊಟಕ್ಕೆ ಮುಂಚೆ ಎರಡು ಚೀಲ ಕಲಸಿಟ್ಟು, ಆಮೇಲೆ ಗಟ್ಟಿಯಾದುದಕ್ಕೆ ನೀರು ಚಿಮುಕಿಸಿ ಮತ್ತೆ ಕಲಸುವುದನ್ನು ಎಷ್ಟು ಕಡೆ ನೋಡಿದ್ದೇನೆ! ಹಾಗೆ ಮೆದುವಾದ ಗಾರೆಗೆ ಬಲವಿರುವುದಿಲ್ಲ. ಗೋಡೆಗೆ ಬಳಿದರೂ ಅದು ಪೋಲೇ. ಅರ್ಧ ಚೀಲದಂತೆ, ಬೇಕಾದಾಗ ಕಲಸಿಕೊಳ್ಳುವುದೇ ಲೀನ್.

ಇದಕ್ಕೆ ಯಂತ್ರ ಬೇಕಿಲ್ಲ. ಮುಂದಿನ ವಾರ ಏನು ಕೆಲಸ, ಅದಕ್ಕೇನು ಬೇಕು ಎಂಬುದನ್ನು ಎಂಜಿನಿಯರ್ ಒಬ್ಬರೇ ತೀರ್ಮಾನಿಸದೆ, ಮಾಡುವವರ ಬಾಯಿಂದಲೇ ಕೇಳಬೇಕು. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಕಟ್ಟಡ ಕೆಲಸಕ್ಕೆಂದು ಬೆಳೆಸಿದ 'ಲಾಸ್ಟ್ ಪ್ಲಾನರ್' ಪದ್ಧತಿಯ ಜೀವಾಳ ಇದೇ.

ಆ ಮನೆಯ ಮೇಲಂತಸ್ತಿಗೆ ಬೇಕಾದ ಅಳತೆಗಳನ್ನು ಮೇಸ್ತ್ರಿ ಖಾಲಿ ಸಿಮೆಂಟ್ ಚೀಲದ ಮೇಲೆ ಬರೆಯುತ್ತಿದ್ದರು. ಕಂಬಿ ಬಗ್ಗಿಸುವ ಹುಡುಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ ಕೇಳಿದ: "ಮೆಟ್ಟಿಲಿನ ಅಳತೆಯನ್ನೂ ಈಗಲೇ ಹೇಳಿಬಿಡಿ ಅಣ್ಣ, ಒಟ್ಟಿಗೇ ಕತ್ತರಿಸುತ್ತೇನೆ."