ಹೊಸ ಡ್ರೈವ್ ಹಾಕಿದಿರಿ, ಬೂಟ್ ಆಗುತ್ತಿರುವುದು ಯಾವುದರಿಂದ?

ಪುಟ್ಟ ಡೆವಲಪರ್ ಕಂಪ್ಯೂಟರ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಹಳೆಯ ಡ್ರೈವ್ ತೆಗೆದು ದೊಡ್ಡದು ಹಾಕುವ ಕೆಲಸಕ್ಕೆ ಕೈ ಹಾಕಲೇಬೇಕು. ನಾಲ್ಕು ಕಂಟೇನರ್ ಇಮೇಜ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದೆಲ್ಲ ತುಂಬಿದ ಕಟ್ಟು), ಎರಡು ಎಐ ಮಾಡೆಲ್ ಇಳಿಸಿಕೊಂಡರೆ ಸಾಕು, 128 ಜಿಬಿ ಡ್ರೈವ್ ತುಂಬಿಹೋಗುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: ಯಾವ ಎಸ್‌ಎಸ್‌ಡಿ ಜಾಸ್ತಿ ಫಾಸ್ಟ್?

ವೇಗ ಆಮೇಲೆ ನೋಡೋಣ. ಮೊದಲು ಉದ್ದ ನೋಡಿ. ಬೋರ್ಡ್‌ಗೆ ನೇರ ಚುಚ್ಚುವ ಚಿಕ್ಕ ಎಸ್‌ಎಸ್‌ಡಿಗಳ ಆಕಾರಕ್ಕೆ ಎಂ.2 ಎಂದು ಹೆಸರು. ಅದರಲ್ಲಿ 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. 2230 ಅಂದರೆ ಉದ್ದ ಬರೀ 30 ಮಿ.ಮೀ. ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರಿಗೆ ಸಿಗುವ ಎಂ.2 ಹ್ಯಾಟ್ ಪ್ಲಸ್ ಎಂಬ ಜೋಡಣೆ ಬೋರ್ಡ್‌ನಲ್ಲಿ 2230 ಮತ್ತು 2242 ಕೂರುತ್ತವೆ, 2280 ಕೂರುವುದಿಲ್ಲ. ಎನ್‌ವಿಡಿಯಾದ ಎಐ ಬೋರ್ಡ್ ಆದ ಜೆಟ್ಸನ್ ಓರಿನ್ ನ್ಯಾನೋ ಡೆವಲಪರ್ ಕಿಟ್‌ನ ಅಡಿಭಾಗದಲ್ಲಿ ಡ್ರೈವ್‌ಗೆ ಎರಡು ಸ್ಲಾಟ್ ಇವೆ. 2280 ಸ್ಲಾಟ್‌ಗೆ ಪಿಸಿಐಇ (ಡ್ರೈವ್ ಮತ್ತು ಬೋರ್ಡ್ ನಡುವಿನ ಡೇಟಾ ದಾರಿ) ಜೆನ್ 3ರ, ಅಂದರೆ ಮೂರನೇ ಪೀಳಿಗೆಯ, ನಾಲ್ಕು ಲೇನ್, 2230ಕ್ಕೆ ಎರಡೇ ಲೇನ್. ಹಾಗಾಗಿ ಸೆಕೆಂಡಿಗೆ 7,000 ಎಂಬಿ ಓದುವ ಜೆನ್ 4 ಡ್ರೈವ್ ತಂದು ಹಾಕಿದರೂ 2280 ಸ್ಲಾಟ್‌ನಲ್ಲಿ ಸಿಗುವುದು ಹೆಚ್ಚೆಂದರೆ 3,500ರ ಆಸುಪಾಸು. ಪೈ 5ರಲ್ಲಿ ಜೆನ್ 2ರ ಒಂದೇ ಲೇನ್, 500 ಎಂಬಿ ದಾಟುವುದಿಲ್ಲ. ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು? ದುಬಾರಿ ಡ್ರೈವ್ ಬಿಸಿಯೂ ಜಾಸ್ತಿ, ಕರೆಂಟೂ ಜಾಸ್ತಿ ಎಳೆಯುತ್ತದೆ. ಅದೇ ದುಡ್ಡಿಗೆ ದೊಡ್ಡ ಡ್ರೈವ್ ತಗೊಳ್ಳಿ.

ಎಂ.2 ಆಕಾರದಲ್ಲೇ ಹಳೆಯ ಬಗೆಯ ಸಂಪರ್ಕದ ಸಾಟಾ ಡ್ರೈವ್‌ಗಳೂ ಬರುತ್ತವೆ. ಸ್ಲಾಟ್‌ಗೆ ಹಾಕಿದರೆ ಸಲೀಸಾಗಿ ಕೂರುತ್ತವೆ, ಆದರೆ ಈ ಬೋರ್ಡ್‌ಗಳಿಗೆ ಕಾಣಿಸುವುದೇ ಇಲ್ಲ. ಲೇಬಲ್ ಮೇಲೆ ಎನ್‌ವಿಎಂಇ (ಪಿಸಿಐಇ ಮೂಲಕ ಕೆಲಸ ಮಾಡುವ ಬಗೆ) ಅಂತ ಇದೆಯಾ ನೋಡಿಕೊಳ್ಳಿ.

ಸ್ಕ್ರೂ ಬಿಚ್ಚಿ ಹಾಕುವುದು ಐದು ನಿಮಿಷದ ಕೆಲಸ. ನಿಜವಾದ ತಲೆನೋವು ಕ್ಲೋನ್ ಮಾಡುವಾಗ, ಅಂದರೆ ಹಳೆಯ ಡ್ರೈವ್‌ನಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ನಕಲಿಸುವಾಗ.

ಸಾಮಾನ್ಯವಾಗಿ ಹೊಸ ಡ್ರೈವನ್ನು ಯುಎಸ್‌ಬಿ ಕೇಸ್‌ಗೆ ಹಾಕಿ, ಓಡುತ್ತಿರುವ ಸಿಸ್ಟಮ್‌ನಿಂದಲೇ ಡ್ರೈವನ್ನು ಇಡಿಯಾಗಿ ನಕಲಿಸುವ ಡಿಡಿ ಕಮಾಂಡ್ ಕೊಟ್ಟುಬಿಡುತ್ತಾರೆ. ಅದು ತಪ್ಪು. ನಕಲು ನಡೆಯುತ್ತಿರುವಾಗಲೇ ಫೈಲ್‌ಗಳು ಬದಲಾಗುತ್ತಿರುತ್ತವೆ, ಅಲ್ವಾ? ಎರಡೂ ಡ್ರೈವನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಚ್ಚಿ, ಯಾವುದನ್ನೂ ಮೌಂಟ್ ಮಾಡದೆ (ಫೈಲ್ ಓದಿ ಬರೆಯಲು ಸಿಸ್ಟಮ್‌ಗೆ ತೆರೆದುಕೊಡದೆ) ನಕಲು ಮಾಡಿ. ಹೊಸದು ದೊಡ್ಡದಿದ್ದರೆ ಜಿಪಿಟಿ ಪಟ್ಟಿಯ (ಡ್ರೈವ್‌ನ ಯಾವ ಭಾಗ, ಅಂದರೆ ಪಾರ್ಟಿಷನ್, ಎಲ್ಲಿದೆ ಎಂಬ ಪಟ್ಟಿ) ಬ್ಯಾಕಪ್ ನಕಲು ಹೊಸ ಡ್ರೈವ್‌ನ ನಡುವೆ ಎಲ್ಲೋ ಉಳಿದಿರುತ್ತದೆ. ಅದು ಇರಬೇಕಾದ್ದು ಕೊನೆಯಲ್ಲಿ. ಪಾರ್ಟಿಷನ್ ತಿದ್ದುವ ಪಾರ್ಟೆಡ್ ಪ್ರೋಗ್ರಾಂ ಅದನ್ನು ಕಂಡುಹಿಡಿದು ಸರಿಪಡಿಸಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಆಮೇಲೆ ಪಾರ್ಟಿಷನ್ ಹಿಗ್ಗಿಸಿ, ಕೊನೆಗೆ ಅದರೊಳಗೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಹಿಗ್ಗಿಸಿ. ಈ ಕೊನೆಯ ಹೆಜ್ಜೆ ಮರೆತು, "1 ಟಿಬಿ ಹಾಕಿದೆ, 128 ಜಿಬಿಯೇ ತೋರಿಸುತ್ತಿದೆ" ಎಂದು ಗಾಬರಿಯಾಗುವವರು ಬಹಳ ಮಂದಿ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಕ್ಲೋನ್ ಆದ ಎರಡು ಡ್ರೈವ್‌ಗಳಿಗೂ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಒಂದೇ. ಸಿಸ್ಟಮ್ ತನ್ನ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಮುಖ್ಯ ಭಾಗ) ಹುಡುಕುವುದು ಸಾಮಾನ್ಯವಾಗಿ ಆ ಗುರುತಿನಿಂದಲೇ. ಎರಡೂ ಹಚ್ಚಿದ್ದರೆ ಯಾವುದು ಸಿಗುತ್ತದೋ ಹೇಳಲಾಗದು.

ನನಗೇ ಹೀಗಾಗಿದೆ. ಹೊಸ ಡ್ರೈವ್ ಬೋರ್ಡ್‌ನಲ್ಲಿತ್ತು, ಹಳೆಯದು ಯುಎಸ್‌ಬಿ ಕೇಸ್‌ನಲ್ಲಿ ಹಾಗೇ ಚುಚ್ಚಿಕೊಂಡಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡು ಎರಡು ದಿನ ಕೋಡ್ ಬರೆದೆ. ಮೂರನೇ ದಿನ ಹಳೆಯದನ್ನು ತೆಗೆದು, ಬೇರೆ ಕೆಲಸಕ್ಕೆ ಬೇಕೆಂದು ಪೂರ್ತಿ ಅಳಿಸಿದೆ. ಬೋರ್ಡ್ ಆನ್ ಮಾಡಿದರೆ ಎರಡು ದಿನದ ಕೆಲಸವೇ ಇಲ್ಲ. ಅಷ್ಟೂ ಹಳೆಯ ಡ್ರೈವ್ ಮೇಲೆ ಬರೆದಾಗಿತ್ತು.

ಈಗ ಮೊದಲ ಬೂಟ್‌ಗೆ ಮುಂಚೆಯೇ ಹಳೆಯದನ್ನು ಕಳಚಿಡುತ್ತೇನೆ. ಬೂಟ್ ಆದ ಕೂಡಲೇ ಫೈಂಡ್‌ಎಂಎನ್‌ಟಿ (findmnt) ಕಮಾಂಡ್ ಕೊಟ್ಟು ರೂಟ್ ಎಲ್ಲಿಂದ ಬಂದಿದೆ ನೋಡುತ್ತೇನೆ. ಬೋರ್ಡ್‌ನಲ್ಲಿರುವ ಹೊಸ ಡ್ರೈವ್‌ನ ಎನ್‌ವಿಎಂಇ ಹೆಸರು ಕಂಡರೆ ಮಾತ್ರ ಮುಂದಿನ ಕೆಲಸ. ಹಳೆಯ ಡ್ರೈವ್ ಮೇಲೆ ದಿನಾಂಕ ಬರೆದ ಟೇಪ್ ಅಂಟಿಸಿ ಡ್ರಾಯರ್‌ಗೆ ಹಾಕುತ್ತೇನೆ. ಎರಡು ವಾರ ಅದನ್ನು ಅಳಿಸುವ ಮಾತೇ ಇಲ್ಲ.