ಥೆರಪ್ಯೂಟಿಕ್ ಅಲಯನ್ಸ್: ಖಿನ್ನತೆಯ ಚಿಕಿತ್ಸೆಯಲ್ಲಿ ಇಬ್ಬರ ನಂಟು

ಥೆರಪಿಸ್ಟ್ ಮತ್ತು ರೋಗಿ ಸೇರಿ ಕಟ್ಟಿಕೊಳ್ಳುವ ಕೆಲಸದ ನಂಟಿಗೆ ಥೆರಪ್ಯೂಟಿಕ್ ಅಲಯನ್ಸ್ ಎನ್ನುತ್ತಾರೆ. ಥೆರಪಿಸ್ಟ್ ಒಳ್ಳೆಯವರು, ನಗುತ್ತಾ ಮಾತಾಡಿಸುತ್ತಾರೆ ಅನ್ನುವುದಷ್ಟೇ ಅಲ್ಲ ಇದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು. ಏನು ಸರಿಹೋಗಬೇಕು ಅನ್ನುವುದಕ್ಕೆ ಇಬ್ಬರ ಒಪ್ಪಿಗೆ, ಅದಕ್ಕೆ ಏನೇನು ಮಾಡಬೇಕು ಅನ್ನುವುದಕ್ಕೂ ಒಪ್ಪಿಗೆ, ಜೊತೆಗೆ ಪರಸ್ಪರ ನಂಬಿಕೆ.

ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ ಎಂದು ಥೆರಪಿಸ್ಟ್ ಹೇಳಿದರು ಅಂದುಕೊಳ್ಳಿ. ಹಾಸಿಗೆಯಿಂದ ಏಳುವುದೇ ಆಗದವರಿಗೆ ಇದು ಇನ್ನೊಂದು ಸೋಲಿನ ಮುನ್ಸೂಚನೆಯಾಗಿ ಕೇಳಿಸುತ್ತದೆ. ನಡೆದರೆ ಏನು ಉಪಯೋಗ ಎಂದು ಕೂತು ಮಾತಾಡಿ, ಈ ವಾರ ಗೇಟಿನವರೆಗೆ ಹೋಗಿ ಬಂದರೆ ಸಾಕು ಅಂತ ಇಬ್ಬರೂ ಸೇರಿ ತೀರ್ಮಾನಿಸಿದರೆ, ಅದು ರೋಗಿಯ ಸ್ವಂತ ಕೆಲಸವೂ ಆಗುತ್ತದೆ.

ಖಿನ್ನತೆಯಲ್ಲಿ ಈ ನಂಟು ಕಟ್ಟುವುದು ಸುಲಭವಲ್ಲ. ನಾನು ಎಲ್ಲರಿಗೂ ಭಾರ, ಏನು ಮಾಡಿದರೂ ಅಷ್ಟೇ ಅಂತ ಕಾಯಿಲೆಯೇ ಹೇಳುತ್ತಿರುತ್ತದೆ. ಥೆರಪಿಸ್ಟ್‌ಗೆ ಬೇಜಾರಾಗಬಾರದು ಅಂತ ಎಷ್ಟೋ ಜನ ಸುಮ್ನೆ "ಪರವಾಗಿಲ್ಲ" ಅಂದುಬಿಡುತ್ತಾರೆ. ಆದರೆ "ನೀವು ಹೋದ ವಾರ ಹೇಳಿದ್ದು ನನಗೆ ನೋವಾಯಿತು" ಅನ್ನುವುದು ಅಧಿಕಪ್ರಸಂಗವಲ್ಲ. ಚಿಕಿತ್ಸೆಯ ತುಂಬ ಮುಖ್ಯವಾದ ಮಾತು ಅದೇ ಆಗಿರಬಹುದು. ನಂಟಿನಲ್ಲಿ ಬೀಳುವ ಇಂಥ ಬಿರುಕುಗಳ ಬಗ್ಗೆ ಮನಶ್ಶಾಸ್ತ್ರಜ್ಞ ಜೆರೆಮಿ ಸಾಫ್ರಾನ್ ವರ್ಷಗಟ್ಟಲೆ ಕೆಲಸ ಮಾಡಿದರು. ಬಿರುಕು ಬೀಳುವುದು ಸಹಜ. ಥೆರಪಿಸ್ಟ್ ತನ್ನನ್ನು ಸಮರ್ಥಿಸಿಕೊಳ್ಳದೆ ಕೇಳಿಸಿಕೊಂಡು ಸರಿಪಡಿಸಿದರೆ, ಮನಸ್ಸಿನ ಮಾತು ಹೇಳಿದರೂ ಸಂಬಂಧ ಮುರಿಯುವುದಿಲ್ಲ ಅನ್ನುವುದು ರೋಗಿಗೆ ಅನುಭವಕ್ಕೆ ಬರುತ್ತದೆ.

ಇದು ಬರೀ ಮಾತಿನ ಚಿಕಿತ್ಸೆಯ ವಿಷಯವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಖಿನ್ನತೆಯ ಬಗ್ಗೆ ದೊಡ್ಡ ಅಧ್ಯಯನ ನಡೆಸಿತು. ಎರಡು ಗುಂಪುಗಳಿಗೆ ಒಂದೊಂದು ಬಗೆಯ ಮಾತಿನ ಚಿಕಿತ್ಸೆ, ಮೂರನೆಯದಕ್ಕೆ ಇಮಿಪ್ರಮೀನ್ ಎಂಬ ಖಿನ್ನತೆಯ ಮಾತ್ರೆ, ನಾಲ್ಕನೆಯದಕ್ಕೆ ಔಷಧಿಯೇ ಇಲ್ಲದ ಪ್ಲಸಿಬೋ ಮಾತ್ರೆ. 1996ರಲ್ಲಿ ಪ್ರಕಟವಾದ ವಿಶ್ಲೇಷಣೆ ಪ್ರಕಾರ, ನಾಲ್ಕೂ ಗುಂಪುಗಳಲ್ಲಿ ನಂಟು ಗಟ್ಟಿಯಿದ್ದವರ ಚೇತರಿಕೆ ಹೆಚ್ಚು ಚೆನ್ನಾಗಿತ್ತು. ಮಾತ್ರೆ ಬರೆದುಕೊಡುವವರು ಕಣ್ಣೆತ್ತಿ ನೋಡಿ ಮಾತಾಡಿಸುವುದೂ ಚಿಕಿತ್ಸೆಯ ಭಾಗವೇ ಅಲ್ವಾ?

ಹಾಗಂತ ನಂಟೊಂದೇ ಸಾಕು ಎಂದಲ್ಲ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಫಲಿತಾಂಶದಲ್ಲಿ ಕಂಡ ವ್ಯತ್ಯಾಸದಲ್ಲಿ ಸುಮಾರು ಶೇ. 8ರಷ್ಟು ಈ ನಂಟಿನ ಜೊತೆ ಹೊಂದಿಕೊಂಡಿತ್ತು. ಚಿಕ್ಕದು, ಆದರೆ ಬೇರೆ ಬೇರೆ ಚಿಕಿತ್ಸೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದು. ಥೆರಪಿಸ್ಟ್ ಇಷ್ಟವಾದರು ಅಂತ ಮಾತ್ರೆ ನಿಲ್ಲಿಸಬಾರದು. ಇದು ಸ್ನೇಹವೂ ಅಲ್ಲ. ಸಮಯಕ್ಕೆ, ಫೀಸಿಗೆ, ಗುಟ್ಟು ಕಾಯುವುದಕ್ಕೆ ಇಲ್ಲಿ ಗೆರೆಗಳಿವೆ.

ಕೆಲವು ಭೇಟಿಗಳಾದರೂ ನಂಬಿಕೆ ಹುಟ್ಟದಿದ್ದರೆ ಮೊದಲು ಅದನ್ನೇ ಹೇಳಿ ನೋಡಿ. ಆಗಲೂ ಆಗದಿದ್ದರೆ ಬೇರೆಯವರನ್ನು ಹುಡುಕಬಹುದು, ಅದರಲ್ಲಿ ತಪ್ಪಿಲ್ಲ. ಎಲ್ಲಿ ಕೇಳಬೇಕು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.